ಉಬುಂಟು 22.04: ಮೂರು ವರ್ಷ ಬಳಸಿದ ಮೇಲೆ ಟರ್ಮಿನಲ್ ಬಗ್ಗೆ ನನ್ನ ತಕರಾರು

ಬಾಗಲಕೋಟೆಯ ನವನಗರದಲ್ಲಿರುವ ನನ್ನ ಡಿಟಿಪಿ ಅಂಗಡಿಯ ಹಳೆಯ ಕಂಪ್ಯೂಟರಿಗೆ ಉಬುಂಟು 22.04 ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಸಿ ಮೂರು ವರ್ಷಗಳಾದವು. ಪರವಾನಗಿಗೆ ಹಣ ಕೊಡಬೇಕಿಲ್ಲ, ಐದು ವರ್ಷ ಸುರಕ್ಷತಾ ಅಪ್‌ಡೇಟ್ ಬರುತ್ತದೆ ಎಂಬುದೇ ನನ್ನಂಥ ಸಣ್ಣ ಅಂಗಡಿಗೆ ಸಾಕಿತ್ತು.

ಮುಂಜಾನೆ ಕಸ ಹೊಡೆದು, ಊದಿನಕಡ್ಡಿ ಹಚ್ಚಿ, ಮೊದಲು ಲಗ್ನಪತ್ರಿಕೆಗಳ ಫೋಲ್ಡರ್ ತೆರೆಯುತ್ತೇನೆ. ಕಂಟ್ರೋಲ್ ಕೀ ಒತ್ತಿ ಹಿಡಿದು ಮೌಸಿನ ಗಾಲಿ ತಿರುಗಿಸಿದರೆ ಕಿರುಚಿತ್ರಗಳು ದೊಡ್ಡದಾಗುತ್ತವೆ; ಗಿರಾಕಿ ‘ಇಳಕಲ್ ಸೀರಿ ಅಂಚಿನ ಕಾರ್ಡ್ ತೋರಸ್ರಿ’ ಎಂದರೆ, ಫೈಲಿನ ಹೆಸರು ನೆನಪಿರದಿದ್ದರೂ ಅಂಚಿನ ಬಣ್ಣ ನೋಡಿಯೇ ತೆಗೆದುಕೊಡುತ್ತೇನೆ.

ಇಷ್ಟೊಂದು ಕಣ್ಣಿಗೆ ಕಾಣುವ ವ್ಯವಸ್ಥೆಯಲ್ಲಿ, ಪ್ರಿಂಟರ್ ಕೈಕೊಟ್ಟರೂ ಫಾಂಟ್ ಕಾಣದಿದ್ದರೂ ಬಲ್ಲವರು ‘ಟರ್ಮಿನಲ್ ತೆರೆದು ಈ ಸಾಲು ಹಾಕಿ’ ಎನ್ನುವುದು ನನಗೆ ಸರಿಬಂದಿಲ್ಲ. ಟರ್ಮಿನಲ್ ಎಂದರೆ ಆದೇಶಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ. ಪ್ರತಿ ಅಕ್ಷರಕ್ಕೂ ಸಮ ಅಗಲದ ಮನೆ ಕೊಡುವ ಆ ಕಿಟಕಿಯಲ್ಲಿ ‘ಲಗ್ನಪತ್ರಿಕೆ’ ಎಂಬ ಹೆಸರಿನ ಒತ್ತಕ್ಷರಗಳು ಕಳಚಿ ಬೀಳುತ್ತವೆ; ನಾನೇ ಇಟ್ಟ ಹೆಸರನ್ನು ನಾನೇ ತಡವರಿಸಿ ಓದಬೇಕು.

ಕಳೆದ ಯುಗಾದಿಯ ಹೊತ್ತಿಗೆ, ‘ಹಳೆ’ ಎಂದು ಶುರುವಾಗುವ ಫೈಲ್‌ಗಳನ್ನಷ್ಟೇ ಅಳಿಸಲು ಟರ್ಮಿನಲ್ಲಿನಲ್ಲಿ ‘ಆರ್‌ಎಂ ಹಳೆ’ (ಆರ್‌ಎಂ ಎಂದರೆ ಅಳಿಸುವ ಆದೇಶ) ಎಂದು ಬರೆದು, ಅದಕ್ಕೆ ಅಂಟಿಸಿ ಹಾಕಬೇಕಾದ ನಕ್ಷತ್ರ ಚಿಹ್ನೆಯನ್ನು ಒಂದು ಸ್ಪೇಸ್ ಬಿಟ್ಟು ಹಾಕಿದೆ. ಹಾಗೆ ಒಂಟಿಯಾಗಿ ನಿಂತ ನಕ್ಷತ್ರಕ್ಕೆ ‘ಎಲ್ಲ ಫೈಲ್‌ಗಳು’ ಎಂದರ್ಥ. ‘ಹಳೆ’ ಎಂಬ ಫೈಲ್ ಇಲ್ಲವೆಂದು ಇಂಗ್ಲಿಷಿನಲ್ಲಿ ತಿಳಿಸಿದ ಅದು, ಫೋಲ್ಡರಿನಲ್ಲಿದ್ದ ಫೈಲ್‌ಗಳನ್ನೆಲ್ಲ ಅಳಿಸಿಬಿಟ್ಟಿತ್ತು. ಮೌಸಿನಿಂದ ಅಳಿಸಿದ್ದರೆ ಕಸದಬುಟ್ಟಿಯಲ್ಲಿ ಸಿಗುತ್ತಿದ್ದವು. ಆರ್‌ಎಂ ಬುಟ್ಟಿಗೆ ಹಾಕುವುದೂ ಇಲ್ಲ, ಅಳಿಸಲೇ ಎಂದು ಕೇಳುವುದೂ ಇಲ್ಲ. ಮದುವೆ ಸುಗ್ಗಿಯಲ್ಲಿ, ಅಚ್ಚಾದ ಪ್ರತಿಗಳನ್ನು ಎದುರಿಗಿಟ್ಟುಕೊಂಡು ನಾಲ್ಕು ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆ.

ಆ ಸಿಟ್ಟು ಸ್ವಲ್ಪ ಇಳಿದದ್ದು ಜೂನ್‌ನಲ್ಲಿ. ಶಾಲೆಯೊಂದರ ಗುರುತಿನ ಚೀಟಿಗಾಗಿ 412 ಮಕ್ಕಳ ಫೋಟೊಗಳನ್ನು ಒಂದೇ ಅಳತೆಗೆ ತರಬೇಕಿತ್ತು. ಚಿತ್ರಗಳನ್ನು ತಿದ್ದುವ ಇಮೇಜ್‌ಮ್ಯಾಜಿಕ್ ತಂತ್ರಾಂಶದ ‘ಮಾಗ್ರಿಫೈ’ ಆದೇಶವನ್ನು ಮಗಳು ಒಂದೇ ಸಾಲಿನಲ್ಲಿ ಬರೆದುಕೊಟ್ಟಳು; ಮೂಲ ಫೋಟೊಗಳಿಗೆ ಕೈಹಚ್ಚದೆ, ನಾನು ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲವೂ ಬೇರೆ ಫೋಲ್ಡರಿನಲ್ಲಿ ಸಿದ್ಧವಾಗಿದ್ದವು. ಒಂದೊಂದಾಗಿ ತೆರೆದಿದ್ದರೆ ಎರಡು ದಿನದ ಕೆಲಸ. ಇಂಥದ್ದಕ್ಕೆ ಟರ್ಮಿನಲ್ ಇರಲಿ ಎಂದು ಈಗ ಒಪ್ಪುತ್ತೇನೆ. ಪ್ರಿಂಟರ್ ಸರಿಪಡಿಸಲು ಮಾತ್ರ ಒತ್ತುವ ಗುಂಡಿಯೇ ಬೇಕು.

ಅಳಿಸಿದ್ದನ್ನು ಕಸದಬುಟ್ಟಿಗೆ ಕಳಿಸುವ ‘ಜಿಯೊ ಟ್ರ್ಯಾಶ್’ ಎಂಬ ಆದೇಶವೂ ಇದೆಯೆಂದು ಅವಳೇ ತೋರಿಸಿದಳು. ಅದನ್ನು ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಆದರೂ ಲಗ್ನಪತ್ರಿಕೆಗಳ ಫೋಲ್ಡರಿನಲ್ಲಿ ಇಂದಿಗೂ ಮೌಸಿನಿಂದಲೇ ಅಳಿಸುತ್ತೇನೆ.