ಗ್ರೆನಡಿನ್ ಸಿರಪ್: ಬಣ್ಣಕ್ಕೆ ಯಾವುದಾದರೂ ನಡೆಯುತ್ತದೆ, ರುಚಿಗೆ ಲೇಬಲ್ ಓದಬೇಕು

ಗ್ರೆನಡಿನ್ ಮೂಲತಃ ದಾಳಿಂಬೆಯ ಪಾಕ. ಅಗ್ಗದ ಬಾಟಲಿಗಳಲ್ಲಿ ಹೆಚ್ಚಿನವಕ್ಕೆ ಆ ಹಣ್ಣಿನ ಗಾಳಿಯೂ ಸೋಕಿರುವುದಿಲ್ಲ: ಕಾರ್ನ್ ಸಿರಪ್, ನೀರು, ಸಿಟ್ರಿಕ್ ಆಮ್ಲ, ಫ್ಲೇವರ್, ಕೆಂಪು ಬಣ್ಣ, ಅಷ್ಟೇ. ಲೇಬಲ್‌ನಲ್ಲಿ ಪದಾರ್ಥಗಳನ್ನು ಹೆಚ್ಚು ತೂಕದ್ದು ಮೊದಲು ಎಂಬ ಕ್ರಮದಲ್ಲಿ ಬರೆದಿರುತ್ತಾರೆ. ದಾಳಿಂಬೆ ರಸ ಮೊದಲ ಮೂರರಲ್ಲಿ ಇಲ್ಲದಿದ್ದರೆ ಅದು ಬರೀ ಕೆಂಪು ಸಕ್ಕರೆನೀರು.

ಒಂದು ಟೀ ಚಮಚ ಸಿರಪ್ಪನ್ನು 100 ಮಿ.ಲೀ. ತಣ್ಣೀರಿಗೆ ಬೆರೆಸಿ ಕುಡಿದು ನೋಡಿ. ಅಸಲಿಯಾದರೆ ಸಿಹಿಯ ಹಿಂದೆಯೇ ನಾಲಿಗೆಗೆ ಒಗರು ತಗಲುತ್ತದೆ. ನಕಲಿಯಲ್ಲಿ ಪೆಪ್ಪರ್ಮೆಂಟ್ ಅಂಗಡಿಯ ವಾಸನೆ ಮಾತ್ರ. ಅದೇ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದಾಗ ಕೆಂಪು ಹೋಗಿ ನೀಲಿ-ಬೂದಿಗೆ ತಿರುಗಿದರೆ ಬಣ್ಣ ಸಸ್ಯಮೂಲದ್ದು. (ಅದರಿಂದಲೇ ದಾಳಿಂಬೆ ಎಂದು ನಂಬಬೇಡಿ, ಕಪ್ಪು ಕ್ಯಾರೆಟ್ ರಸವೂ ಹೀಗೇ ತಿರುಗುತ್ತದೆ.)

ಟಕೀಲಾ ಸನ್‌ರೈಸ್ ಎಂಬ ಕಾಕ್‌ಟೇಲ್‌ಗೆ ಮಾತ್ರ ಬಣ್ಣದ ಬಾಟಲಿಯೇ ವಾಸಿ ಎನ್ನಬೇಕು. 45 ಮಿ.ಲೀ. ಟಕೀಲಾ, 90 ಮಿ.ಲೀ. ಕಿತ್ತಳೆ ರಸ, ಕೊನೆಗೆ 15 ಮಿ.ಲೀ. ಗ್ರೆನಡಿನ್, ಕಲಕಬಾರದು. ಸಕ್ಕರೆಯ ಭಾರಕ್ಕೆ ಅದು ತಳಕ್ಕಿಳಿಯುತ್ತದೆ. ತೆಳು ಸಿರಪ್ ನಡುವೆಯೇ ಹರಡಿಕೊಳ್ಳುತ್ತದೆ, ಅಸಲಿ ದಾಳಿಂಬೆಯದು ಕಿತ್ತಳೆ ರಸದೊಂದಿಗೆ ಸೇರಿ ಇಟ್ಟಿಗೆ ಬಣ್ಣಕ್ಕೆ ಮಂಕಾಗುತ್ತದೆ. ಜ್ಯಾಕ್ ರೋಸ್ ಎಂಬ ಕಾಕ್‌ಟೇಲ್‌ನ ಮಾತೇ ಬೇರೆ. ಆಪಲ್ ಬ್ರ್ಯಾಂಡಿ, ನಿಂಬೆ, ಗ್ರೆನಡಿನ್ ಬಿಟ್ಟರೆ ಅದರಲ್ಲಿ ಇನ್ನೇನೂ ಇಲ್ಲ; ಒಗರಿಲ್ಲದ ಸಿರಪ್ ಹಾಕಿದರೆ ಪಾನೀಯ ಜಾಳಾಗುತ್ತದೆ.

ಒಳ್ಳೆಯ ಬಾಟಲಿ ಸಿಗದಿದ್ದರೆ ಮಾಡಿಕೊಳ್ಳುವುದೇ ಮೇಲು. 250 ಮಿ.ಲೀ. ರಸಕ್ಕೆ 250 ಗ್ರಾಂ ಸಕ್ಕರೆ. ಸುಮಾರು 400 ಮಿ.ಲೀ. ಸಿಗುತ್ತದೆ. ಕಾಳುಗಳನ್ನು ಮಿಕ್ಸಿಯಲ್ಲಿ ನುಣ್ಣಗೆ ಅರೆಯಬೇಡಿ, ಬೀಜ ಒಡೆದರೆ ಕಹಿ ಇಳಿಯುತ್ತದೆ. ಒಂದೆರಡು ಸುತ್ತು ತಿರುಗಿಸಿ ಬಟ್ಟೆಯಲ್ಲಿ ಹಿಂಡಿ, ಬಿಳಿ ಪೊರೆ ಸೇರದಂತೆ ನೋಡಿಕೊಳ್ಳಿ. ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿ ಸಾಕು, ಸಕ್ಕರೆ ಕರಗಿದ ಕೂಡಲೇ ಇಳಿಸಿ. ಕುದಿಸಿದರೆ ಹಸಿ ಹಣ್ಣಿನ ಪರಿಮಳ ಹೋಗಿ ಜಾಮ್ ವಾಸನೆ ಬರುತ್ತದೆ, ಬಣ್ಣವೂ ಕಂದಾಗುತ್ತದೆ. ರಸ ಸಪ್ಪೆಯೆನಿಸಿದರೆ ಒಂದು ಟೀ ಚಮಚ ನಿಂಬೆರಸ, ಬೇಕಿದ್ದರೆ ಎರಡು ಹನಿ ಕಿತ್ತಳೆ ಹೂವಿನ ನೀರು. ಮೂರನೆಯ ಹನಿಗೆ ಸೋಪಿನ ವಾಸನೆ ಶುರು.

ಫ್ರಿಜ್‌ನಲ್ಲಿ ಮೂರು ವಾರ ಇರುತ್ತದೆ. 30 ಮಿ.ಲೀ. ವೋಡ್ಕಾ ಬೆರೆಸಿದರೆ ಇನ್ನೂ ಕೆಲವು ದಿನ ಬಾಳುತ್ತದೆ. ಮೇಲೆ ಬೂಷ್ಟು ಕಂಡರೆ ಸೋಸಿ ಉಳಿಸಿಕೊಳ್ಳಲು ಹೋಗದೆ ಪೂರ್ತಿ ಚೆಲ್ಲಿಬಿಡಿ.