ಎಫ್‌ಟಿ232ಆರ್ ಚಿಪ್‌ನ ಯುಎಸ್‌ಬಿ ಸೀರಿಯಲ್ ಕೇಬಲ್: ಅಡಿಕೆ ಮಂಡಿಯಲ್ಲಿ ನಾಲ್ಕು ವರ್ಷ

ನಮ್ಮ ಅಡಿಕೆ ಮಂಡಿಯ ತೂಕದ ಯಂತ್ರದ ಹಿಂಬದಿಯಲ್ಲಿ ಒಂಬತ್ತು ಪಿನ್ನಿನ ಆರ್‌ಎಸ್-232 ಪೋರ್ಟ್, ಅಂದರೆ ಅಕ್ಷರಗಳನ್ನು ಒಂದರ ಹಿಂದೊಂದರಂತೆ ಕಳಿಸುವ ಹಳೆಯ ಬಗೆಯ ಸೀರಿಯಲ್ ಪೋರ್ಟ್ ಇದೆ. ಲೆಕ್ಕದ ಕಂಪ್ಯೂಟರಿನಲ್ಲಿ ಅಂಥದ್ದಿಲ್ಲ. ಎರಡನ್ನೂ ಜೋಡಿಸಲೆಂದು ಎಫ್‌ಟಿಡಿಐ ಕಂಪನಿಯ ಎಫ್‌ಟಿ232ಆರ್ ಚಿಪ್ ಇರುವ ಕೇಬಲನ್ನು ನಾಲ್ಕು ವರ್ಷಗಳ ಹಿಂದೆ ಕೊಂಡೆ. ಅಂದಿನಿಂದ ಪ್ರತಿ ಚೀಲದ ತೂಕವೂ ಇದರ ಮೂಲಕವೇ ಬಂದು, ಲಿನಕ್ಸ್‌ನಲ್ಲಿ ನಾನು ಬರೆದಿರುವ ಚಿಕ್ಕ ಶೆಲ್ ಸ್ಕ್ರಿಪ್ಟ್‌ನ (ಆಜ್ಞೆಗಳ ಪಟ್ಟಿಯ ಕಡತ) ನೆರವಿನಿಂದ ಲೆಕ್ಕಕ್ಕೆ ಸೇರುತ್ತಿದೆ.

ಮೊದಲ ವಾರ ಮಾತ್ರ ಬಹಳ ಕಷ್ಟವಾಯಿತು. ಅರುವತ್ತೈದು ಕಿಲೋದ ಚೀಲ ತಟ್ಟೆಯ ಮೇಲಿರುವಾಗಲೇ ಯಂತ್ರ ಇದ್ದಕ್ಕಿದ್ದಂತೆ ಸೊನ್ನೆ ತೋರಿಸುತ್ತಿತ್ತು. ಎದುರಿಗೆ ನಿಂತ ಬೆಳೆಗಾರರಿಗೆ ಏನು ಹೇಳಬೇಕೆಂದು ತೋಚುತ್ತಿರಲಿಲ್ಲ. ಕೇಬಲ್ ಕೆಟ್ಟಿದೆ ಎಂದು ವಾಪಸು ಕೊಡಲು ಹೊರಟಿದ್ದೆ. ಎರಡು ರಾತ್ರಿ ಕೂತು ಪರೀಕ್ಷಿಸಿದ ಮೇಲೆ ತಪ್ಪು ಸ್ಕ್ರಿಪ್ಟ್‌ನಲ್ಲಿತ್ತೆಂದು ತಿಳಿಯಿತು. ಲಿನಕ್ಸ್ ಸೀರಿಯಲ್ ಪೋರ್ಟನ್ನು ಮನುಷ್ಯರು ಟೈಪ್ ಮಾಡುವ ಟರ್ಮಿನಲ್ ಎಂದೇ ಎಣಿಸಿ ತೆರೆಯುವುದರಿಂದ, ಬಂದ ಅಕ್ಷರಗಳನ್ನು ಎಕೊ ಮಾಡಿ ಹಿಂದಕ್ಕೆ ಕಳಿಸುತ್ತದೆ. ನಮ್ಮ ಯಂತ್ರ ಸ್ಥಿರಗೊಂಡ ತೂಕದ ಸಾಲನ್ನು ‘ಎಸ್‌ಟಿ’ ಎಂಬ ಎರಡು ಅಕ್ಷರಗಳಿಂದ ಆರಂಭಿಸುತ್ತದೆ. ಹೊರಗಿನಿಂದ ‘ಟಿ’ ಬಂದರೆ ಅದನ್ನು ಟೇರ್ ಆಜ್ಞೆ ಎಂದು ತಿಳಿದು, ತಟ್ಟೆಯ ಮೇಲಿರುವ ತೂಕವನ್ನೆಲ್ಲ ಕಳೆದುಬಿಡುತ್ತದೆ. ತಾನೇ ಕಳಿಸಿದ ಅಕ್ಷರಕ್ಕೆ ಅದು ತಾನೇ ವಿಧೇಯವಾಗುತ್ತಿತ್ತು.

ಪೋರ್ಟಿನ ಹೊಂದಿಕೆ ಬದಲಿಸುವ ‘ಎಸ್‌ಟಿಟಿವೈ’ ಆಜ್ಞೆಯಲ್ಲಿ ವೇಗ 9600, ‘ರಾ’ (ಅಕ್ಷರಗಳನ್ನು ಬದಲಿಸದೆ ಬಂದಂತೆಯೇ ಕೊಡು) ಮತ್ತು ‘ಮೈನಸ್ ಎಕೊ’ (ಎಕೊ ಬೇಡ) ಎಂದು ಕೊಟ್ಟ ಕ್ಷಣದಿಂದ ಆ ತೊಂದರೆ ಮತ್ತೆ ಕಾಣಿಸಿಲ್ಲ. ಕೇಬಲ್ ಕಿತ್ತು ಮತ್ತೆ ಚುಚ್ಚಿದರೆ ಈ ಹೊಂದಿಕೆ ಅಳಿಸಿಹೋಗುವುದರಿಂದ ಸ್ಕ್ರಿಪ್ಟ್ ಪ್ರತಿ ಸಲ ಆರಂಭವಾದಾಗಲೂ ಅದನ್ನು ಮೊದಲು ಮಾಡುತ್ತದೆ. ಸಾಲಿಗೊಮ್ಮೆ ಪೋರ್ಟ್ ತೆರೆದು ಮುಚ್ಚುತ್ತಿದ್ದಾಗ ನಡುವೆ ಬಂದ ಅಕ್ಷರಗಳು ಕಳೆದುಹೋಗುತ್ತಿದ್ದವು. ಈಗ ‘ಎಕ್ಸೆಕ್’ ಆಜ್ಞೆ ಬಳಸಿ ಪೋರ್ಟನ್ನು 3ನೇ ಸಂಖ್ಯೆಯ ಡಿಸ್ಕ್ರಿಪ್ಟರ್‌ನಲ್ಲಿ (ತೆರೆದ ಕಡತವನ್ನು ಗುರುತಿಸುವ ಸಂಖ್ಯೆ) ಒಮ್ಮೆ ತೆರೆದು ಹಾಗೆಯೇ ಇಟ್ಟಿದ್ದೇನೆ. ಸಾಲನ್ನು ಓದುವ ‘ರೀಡ್’ ಆಜ್ಞೆಗೆ ಐದು ಸೆಕೆಂಡಿನ ಗಡುವು ಕೊಟ್ಟಿರುವುದರಿಂದ ಯಂತ್ರ ಆಫ್ ಆಗಿದ್ದರೂ ಸ್ಕ್ರಿಪ್ಟ್ ಕಾಯುತ್ತಾ ಕೂರುವುದಿಲ್ಲ. ‘ರಾ’ ಸ್ಥಿತಿಯಲ್ಲಿ ಸಾಲಿನ ಕೊನೆಯ ಕ್ಯಾರೇಜ್ ರಿಟರ್ನ್ ಉಳಿಯುತ್ತದೆ. ಕಣ್ಣಿಗೆ ಕಾಣದ ಈ ಅಕ್ಷರವನ್ನು ತೆಗೆಯದಿದ್ದರೆ ಕೂಡುವ ಲೆಕ್ಕ ಕೆಡುತ್ತದೆ. ಬಳಕೆದಾರರನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿಯಿರುವ ‘ಡಯಲ್‌ಔಟ್’ ಗುಂಪಿಗೆ ಸೇರಿಸುವುದನ್ನೂ ಮರೆಯಬಾರದು.

ಕೇಬಲಿಗೆ ಕೊಟ್ಟ ಹೆಚ್ಚಿನ ಹಣ ಸಾರ್ಥಕವಾದದ್ದು ಚಿಪ್‌ನೊಳಗಿನ ಪ್ರತ್ಯೇಕ ಕ್ರಮಸಂಖ್ಯೆಯಿಂದ. ಸ್ಕ್ರಿಪ್ಟ್ ಪೋರ್ಟನ್ನು ಹಿಡಿದಿರುವಾಗಲೇ ಕೇಬಲ್ ಕಳಚಿ ಮತ್ತೆ ಸೇರಿದರೆ ಲಿನಕ್ಸ್ ಅದಕ್ಕೆ ಕೊಟ್ಟ ಟಿಟಿವೈಯುಎಸ್‌ಬಿ0 ಎಂಬ ಹೆಸರು ಟಿಟಿವೈಯುಎಸ್‌ಬಿ1 ಆಗುತ್ತದೆ. ಆದರೆ ‘ಡೆವ್’ ಕೆಳಗಿನ ‘ಸೀರಿಯಲ್’ ಕಡತಕೋಶದ ‘ಬೈ-ಐಡಿ’ಯಲ್ಲಿ ಕ್ರಮಸಂಖ್ಯೆ ಸೇರಿಸಿ ಕಟ್ಟಿದ ಹೆಸರು ಬದಲಾಗುವುದಿಲ್ಲ. ಇದಕ್ಕೂ ಮೊದಲು ಬಳಸಿದ ಅಗ್ಗದ ಕೇಬಲಿನಲ್ಲಿ ಆ ಸಂಖ್ಯೆಯೇ ಇರಲಿಲ್ಲ.

ಕೊರತೆಯೆಂದರೆ ಮಾಹಿತಿ ಬರುತ್ತಿದೆಯೇ ಎಂದು ತೋರಿಸುವ ದೀಪ ಇಲ್ಲದಿರುವುದು. ಕನೆಕ್ಟರಿನ ಎರಡು ಸ್ಕ್ರೂಗಳೂ ಹಮಾಲರು ಚೀಲ ಎಳೆಯುವ ಅಲುಗಾಟಕ್ಕೆ ಸಡಿಲವಾಗುತ್ತವೆ, ತಿಂಗಳಿಗೊಮ್ಮೆ ಬಿಗಿ ಮಾಡಬೇಕು. ಚಿಪ್ ಅಕ್ಷರಗಳನ್ನು 16 ಮಿಲಿಸೆಕೆಂಡುಗಳವರೆಗೆ ಹಿಡಿದಿಡಬಲ್ಲದು, ಆದರೆ ತೂಕದ ಕೆಲಸಕ್ಕೆ ಅದು ತಡವೇ ಅಲ್ಲ.

ಕಳೆದ ವರ್ಷ ಒಣಗಿಸುವ ಅಂಗಳದ ಯಂತ್ರಕ್ಕೂ ಇದೇ ಕೇಬಲನ್ನು ತಂದೆ. ಎರಡೂ ಒಂದೇ ಕಂಪ್ಯೂಟರಿನಲ್ಲಿ ಬೇರೆ ಬೇರೆ ಹೆಸರಿನಿಂದ ಕಾಣಿಸುತ್ತವೆ. ಸ್ಕ್ರಿಪ್ಟ್‌ಗೆ ಆ ಹೆಸರನ್ನು ಕೊಟ್ಟರೆ ಸಾಕಾಗುತ್ತದೆ.