ಸ್ಕ್ಯಾನ್ ಆದ ಮೇಲೆ ಹಳೆ ಫೈಲು: ಇಡುವುದಾ, ಬಿಸಾಕುವುದಾ?

ಪೀಣ್ಯದ ಗೋಡೌನಿನಲ್ಲಿ ಇಟ್ಟರೆ ಬಾಡಿಗೆ, ಗೆದ್ದಲು, ಮಳೆಗಾಲದ ತೇವ ಎಲ್ಲಾ ನಿಮ್ಮ ತಲೆಗೆ. ಸ್ಕ್ಯಾನ್ ಮಾಡಿದರೆ ಹುಡುಕುವುದು ಸುಲಭ, ಅಲ್ವಾ? ಆದರೆ ಬ್ಯಾಕಪ್ ಒಂದೇ ಕಡೆ ಇದ್ದರೆ ಅದೂ ಹೋಗುತ್ತದೆ.

ಬಿಲ್ಲು, ವೋಚರ್‌ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಂಪನಿ ಕಾಯ್ದೆ ಪ್ರಕಾರ ಅವು 8 ಹಣಕಾಸು ವರ್ಷ ಇರಬೇಕು. ಅದು ಮುಗಿದು, ಕೇಸು, ತನಿಖೆ ಏನೂ ಬಾಕಿ ಇಲ್ಲದಿದ್ದರೆ ಕಾಗದವನ್ನು ಶ್ರೆಡರ್‌ಗೆ ಹಾಕಿ. (ಗುಜರಿಗೆ ಹಾಗೇ ಕೊಟ್ಟರೆ ನಿಮ್ಮವರ ಸಂಬಳದ ವಿವರ ಕಡಲೆಕಾಯಿ ಪೊಟ್ಟಣ ಆಗುತ್ತದೆ.)

ಕ್ರಯಪತ್ರ, ಲೀಸ್ ಕರಾರು, ಸಹಿ ಇರುವ ಮಿನಿಟ್ಸ್ (ಸಭೆಯ ನಡಾವಳಿ) ಪುಸ್ತಕ ಮಾತ್ರ ಬಿಸಾಕಲೇಬೇಡಿ. ಸಹಿ ನನ್ನದಲ್ಲ ಅಂತ ಯಾರಾದರೂ ತಕರಾರು ತೆಗೆದರೆ ಶಾಯಿ, ಪೆನ್ನು ಒತ್ತಿದ ಗುರುತು ನೋಡಲು ಮೂಲವೇ ಬೇಕು, ಸ್ಕ್ಯಾನಿನಲ್ಲಿ ಅದು ಸಿಗುವುದಿಲ್ಲ. ಡಿಜಿಟಲ್ ಪ್ರತಿ ಕೋರ್ಟಿಗೆ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರವನ್ನೂ (ಆ ಪ್ರತಿ ಯಾವ ಸಾಧನದಲ್ಲಿ, ಹೇಗೆ ತಯಾರಾಯಿತು ಅಂತ ದೃಢೀಕರಿಸುವ ಪತ್ರ) ಜೊತೆಗಿಡಬೇಕು. ಇಷ್ಟಕ್ಕೆ ಗೋಡೌನ್ ಬೇಡ, ಒಂದು ಬೀರು ಸಾಕು.